ಕಾನೂನಿನ ಲೇಖನಕ್ಕೆ ಪರೀಕ್ಷಕರು ಯಾರು?

೧೯೩೬ರಲ್ಲಿ ಆಲ್ಬರ್ಟ್ ಐನ್‌ಸ್ಟೈನರು ತಮ್ಮ ಸಹಾಯಕ ನೇಥನ್ ರೋಸೆನ್ನರೊಡನೆ ಸೇರಿ ಗುರುತ್ವದ ಅಲೆಗಳನ್ನು ಕುರಿತು ಒಂದು ಲೇಖನ ಬರೆದು ಅಮೆರಿಕದ 'ಫಿಸಿಕಲ್ ರಿವ್ಯೂ' ಪತ್ರಿಕೆಗೆ ಕಳುಹಿಸಿದರು. ಅಂಥ ಅಲೆಗಳು ಇರಲಾರವು ಎಂಬುದು ಆ ಲೇಖನದ ತೀರ್ಮಾನವಾಗಿತ್ತು. ಸಂಪಾದಕರಾಗಿದ್ದ ಜಾನ್ ಟೇಟ್ ಅದನ್ನು ಮತ್ತೊಬ್ಬ ವಿದ್ವಾಂಸರಿಗೆ ತೋರಿಸಿದರು. ಅವರು ಬರೆದ ಹತ್ತು ಪುಟಗಳ ಆಕ್ಷೇಪಣೆಯನ್ನು ಐನ್‌ಸ್ಟೈನರಿಗೆ ಕಳುಹಿಸಿಕೊಟ್ಟರು. ಐನ್‌ಸ್ಟೈನರಿಗೆ ಕೋಪ ಬಂದಿತು. ಅಚ್ಚಿಗೆಂದು ಕೊಟ್ಟ ಲೇಖನವನ್ನು ಬೇರೆಯವರಿಗೆ ತೋರಿಸಲು ನಾವು ಅನುಮತಿ ಕೊಟ್ಟಿರಲಿಲ್ಲ ಎಂದು ಉತ್ತರ ಬರೆದು, ಲೇಖನವನ್ನು ಹಿಂದಕ್ಕೆ ಪಡೆದರು. ಆದರೆ ಆಕ್ಷೇಪಣೆ ಮಾಡಿದವರೇ ಸರಿ! ತಪ್ಪು ಮುಂದೆ ಐನ್‌ಸ್ಟೈನರಿಗೂ ತಿಳಿದುಬಂದು, ೧೯೩೭ರಲ್ಲಿ ಅದೇ ಲೇಖನ ಬೇರೊಂದು ಪತ್ರಿಕೆಯಲ್ಲಿ ಬದಲಾದ ತೀರ್ಮಾನದೊಡನೆ ಪ್ರಕಟವಾಯಿತು. ಆ ಅನಾಮಧೇಯ ಪರೀಕ್ಷಕರು ಎಚ್. ಪಿ. ರಾಬರ್ಟ್‌ಸನ್ ಎಂಬುದು ಪತ್ರಿಕೆಯ ಹಳೆಯ ಕಡತಗಳಿಂದ ಖಚಿತವಾದದ್ದು ಸುಮಾರು ಎಪ್ಪತ್ತು ವರ್ಷಗಳ ಮೇಲೆ.

ಲೇಖನವನ್ನು ಅಚ್ಚು ಹಾಕುವುದಕ್ಕೆ ಮುಂಚೆ ಅದೇ ಶಾಸ್ತ್ರವನ್ನು ಬಲ್ಲ ಇತರರಿಗೆ ತೋರಿಸಿ ಅಭಿಪ್ರಾಯ ಪಡೆಯುವ ಈ ಪದ್ಧತಿಗೆ ಇಂಗ್ಲಿಷಿನಲ್ಲಿ 'ಪೀರ್ ರಿವ್ಯೂ' ಎಂದು ಹೆಸರು. ನಾವು ಅದನ್ನು ಸಹವಿದ್ವಾಂಸರ ಪರಿಶೀಲನೆ ಎನ್ನೋಣ. ಭೌತಶಾಸ್ತ್ರದಲ್ಲಿ ಈ ಪರಿಶೀಲನೆ ಒಮ್ಮೆ ಎಡವಿದರೂ ಪ್ರಕೃತಿಯೆಂಬ ಹಿರಿಯ ಪರೀಕ್ಷಕಿ ಇದ್ದೇ ಇರುತ್ತಾಳೆ. ಗುರುತ್ವದ ಅಲೆಗಳು ಇವೆಯೋ ಇಲ್ಲವೋ ಎಂಬುದಕ್ಕೆ ೨೦೧೫ರ ಸೆಪ್ಟೆಂಬರ್ ೧೪ರಂದು ಲೈಗೋ ಉಪಕರಣಗಳೇ ಉತ್ತರ ಕೊಟ್ಟವು. ಆದರೆ 'ಈ ತೀರ್ಪು ಸರಿಯಲ್ಲ', 'ಈ ಶಾಸನವನ್ನು ಹೀಗೆಯೇ ಅರ್ಥಮಾಡಬೇಕು' ಎಂದು ಕಾನೂನಿನ ಪಂಡಿತರು ಬರೆದರೆ ಅದನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಅಲ್ಲಿ ಪ್ರಯೋಗಶಾಲೆಯಿಲ್ಲ, ಅಳತೆಗೋಲಿಲ್ಲ. ಹೀಗಿದ್ದರೂ ಆ ಶಾಸ್ತ್ರಕ್ಕೆ ನೂರಾರು ಪತ್ರಿಕೆಗಳುಂಟು. ಅವುಗಳ ಬಾಗಿಲನ್ನು ಕಾಯುವವರು ಯಾರೆಂಬುದನ್ನು ವಿಚಾರಿಸಿದಾಗ ನಮಗೆ ಕಂಡುಬಂದ ಸಂಗತಿ ಬಹಳ ಸ್ವಾರಸ್ಯವಾದುದು.

ಮೊದಲು ಇಂಗ್ಲೆಂಡಿನ ಕ್ರಮವನ್ನು ನೋಡೋಣ. ಅಲ್ಲಿ ೧೮೮೫ರಲ್ಲಿ 'ಲಾ ಕ್ವಾರ್ಟರ್ಲಿ ರಿವ್ಯೂ' ಹುಟ್ಟಿತು. ಫ್ರೆಡರಿಕ್ ಪೊಲಕ್ ಅದರ ಮೊದಲ ಸಂಪಾದಕರು. ೧೯೩೭ರಲ್ಲಿ 'ಮಾಡರ್ನ್ ಲಾ ರಿವ್ಯೂ' ಬಂದಿತು. ಇಂಥ ಪತ್ರಿಕೆಗಳ ಸಂಪಾದಕರು ಅಧ್ಯಾಪಕರು, ಇಲ್ಲವೆ ನುರಿತ ನ್ಯಾಯವಾದಿಗಳು. ಈಗಿನ ಸಾಮಾನ್ಯ ರೂಢಿ ಹೀಗಿದೆ: ಲೇಖನ ಬಂದೊಡನೆ ಸಂಪಾದಕರು ತಾವೇ ಒಮ್ಮೆ ಓದುತ್ತಾರೆ. ಪತ್ರಿಕೆಗೆ ಹೊಂದದ್ದು, ಸತ್ತ್ವವಿಲ್ಲದ್ದು ಅಲ್ಲಿಂದಲೇ ಹಿಂದಿರುಗುತ್ತದೆ. ಉಳಿದುದರ ಮೇಲಿನ ಹೆಸರನ್ನು ತೆಗೆದುಹಾಕಿ ಇಬ್ಬರು ವಿದ್ವಾಂಸರಿಗೆ ಕಳುಹಿಸುತ್ತಾರೆ. ಬರೆದವರು ಯಾರೆಂದು ಓದುವವರಿಗೆ ತಿಳಿಯದು. ಓದಿದವರು ಯಾರೆಂದು ಬರೆದವರಿಗೂ ತಿಳಿಯದು. ಈ ಕೆಲಸಕ್ಕೆ ಸಾಮಾನ್ಯವಾಗಿ ಸಂಭಾವನೆಯಿಲ್ಲ. ಪಾಠ, ಪರೀಕ್ಷೆ, ಸಂಸಾರಗಳ ನಡುವೆ ಬಿಡುವು ಮಾಡಿಕೊಂಡು ಓದಬೇಕಾದುದರಿಂದ ತಿಂಗಳುಗಳು ಕಳೆಯುತ್ತವೆ. ಕೊನೆಗೆ ಬರುವ ಉತ್ತರ ನಾಲ್ಕು ಬಗೆಯದು: ಒಪ್ಪಿದೆ, ಸಣ್ಣ ತಿದ್ದುಪಡಿ ಬೇಕು, ದೊಡ್ಡ ತಿದ್ದುಪಡಿ ಬೇಕು, ಬೇಡ. ಮೊದಲನೆಯ ಉತ್ತರವೇ ನೇರವಾಗಿ ಬಂದ ಪುಣ್ಯವಂತರು ವಿರಳ.

ಪರೀಕ್ಷಕರು ನೋಡುವುದಾದರೂ ಏನನ್ನು? ಲೇಖಕರು ಆಧಾರವಾಗಿ ಹಿಡಿದ ತೀರ್ಪು ಅವರು ಹೇಳುವುದನ್ನೇ ಹೇಳುತ್ತದೆಯೆ? ಮೇಲಿನ ನ್ಯಾಯಾಲಯ ಅದನ್ನು ಆಮೇಲೆ ತಳ್ಳಿಹಾಕಿಲ್ಲವಷ್ಟೆ? ತಮ್ಮ ವಾದಕ್ಕೆ ಅಡ್ಡಬರುವ ತೀರ್ಪುಗಳನ್ನು ಅವರು ಎದುರಿಸಿದ್ದಾರೆಯೆ, ಅಥವಾ ಜಾಣತನದಿಂದ ಬದಿಗೆ ಸರಿಸಿದ್ದಾರೆಯೆ? ಇದನ್ನೇ ಇನ್ನೊಬ್ಬರು ಹಿಂದೆ ಬರೆದಿಲ್ಲವೆ? ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪರೀಕ್ಷಕರು ಲೇಖಕರ ತೀರ್ಮಾನವನ್ನು ಒಪ್ಪಬೇಕಾಗಿಲ್ಲ. 'ಈ ಅಭಿಪ್ರಾಯ ನಮ್ಮದಲ್ಲ, ಆದರೂ ವಾದ ಗಟ್ಟಿಯಾಗಿದೆ, ಅಚ್ಚುಹಾಕಿ' ಎಂದು ಬರೆಯಬಲ್ಲವರೇ ಒಳ್ಳೆಯ ಪರೀಕ್ಷಕರು. ಮನುಷ್ಯಸ್ವಭಾವಕ್ಕೆ ಇದು ಸುಲಭವಲ್ಲ. ಮೇಲಾಗಿ, ಈ ಶಾಸ್ತ್ರಕ್ಕೆ ನಮಗಿಲ್ಲದ ಒಂದು ಕಷ್ಟವಿದೆ. ಲೇಖನ ಪರೀಕ್ಷಕರ ಮೇಜಿನ ಮೇಲಿರುವಾಗಲೇ ನ್ಯಾಯಾಲಯವೊಂದು ಹೊಸ ತೀರ್ಪು ಕೊಟ್ಟು ಅದರ ಅಡಿಗಲ್ಲನ್ನೇ ಕೀಳಬಹುದು. ನಾವು ಓಮನ ನಿಯಮವನ್ನು ಬರೆಯುತ್ತಿರುವಾಗ ಯಾರೂ ಅದನ್ನು ರದ್ದುಮಾಡಲಾರರು!

ಇನ್ನು ಅಮೆರಿಕಕ್ಕೆ ಬರೋಣ. ಅಲ್ಲಿನ ಹೆಸರಾಂತ ಕಾನೂನು ಪತ್ರಿಕೆಗಳಲ್ಲಿ ಬಹುಪಾಲನ್ನು ನಡೆಸುವವರು ವಿದ್ಯಾರ್ಥಿಗಳು! ೧೮೮೭ರಲ್ಲಿ ಆರಂಭವಾದ 'ಹಾರ್ವರ್ಡ್ ಲಾ ರಿವ್ಯೂ' ಇಂದಿಗೂ ವಿದ್ಯಾರ್ಥಿಗಳ ಕೈಯಲ್ಲಿದೆ. ಮುಂದೆ ರಾಷ್ಟ್ರಾಧ್ಯಕ್ಷರಾದ ಬರಾಕ್ ಒಬಾಮ ೧೯೯೦ರಲ್ಲಿ ಅದರ ಅಧ್ಯಕ್ಷರಾಗಿ ಆಯ್ಕೆಯಾದಾಗ ಅವರೂ ವಿದ್ಯಾರ್ಥಿಯೇ. ತರಗತಿಯಲ್ಲಿ ಪಾಠ ಕೇಳುವವರು ಸಂಜೆ ಕಚೇರಿಯಲ್ಲಿ ಕುಳಿತು ಪಾಠ ಹೇಳುವವರ ಲೇಖನವನ್ನು 'ಬೇಡ' ಎಂದು ಹಿಂದಿರುಗಿಸುತ್ತಾರೆ. ಭೌತಶಾಸ್ತ್ರದ ಲೋಕದಲ್ಲಿ ಇದನ್ನು ಊಹಿಸುವುದೂ ನಮಗೆ ಕಷ್ಟ.

ಲೇಖನ ಕಳುಹಿಸುವ ಕ್ರಮವೂ ಬೇರೆ. ವಿಜ್ಞಾನದಲ್ಲಿ ಒಂದೇ ಲೇಖನವನ್ನು ಎರಡು ಪತ್ರಿಕೆಗಳಿಗೆ ಒಮ್ಮೆಲೇ ಕಳುಹಿಸುವುದು ಅಪರಾಧಕ್ಕೆ ಸಮ. ಅಲ್ಲಿ ಲೇಖಕರು ಹತ್ತಾರು ಪತ್ರಿಕೆಗಳಿಗೆ ಏಕಕಾಲದಲ್ಲಿ ಕಳುಹಿಸುತ್ತಾರೆ. ಫೆಬ್ರವರಿಯ ಸುಮಾರು ಮತ್ತು ಆಗಸ್ಟಿನ ಸುಮಾರು ಇದರ ಸುಗ್ಗಿಯ ಕಾಲ. ಒಂದು ಪತ್ರಿಕೆ ಒಪ್ಪಿಗೆ ಕೊಟ್ಟೊಡನೆ ಅದಕ್ಕಿಂತ ಹೆಚ್ಚು ಹೆಸರಿರುವ ಪತ್ರಿಕೆಗೆ 'ನಮಗೆ ಆಗಲೇ ಒಂದು ಆಹ್ವಾನ ಬಂದಿದೆ, ಬೇಗ ತೀರ್ಮಾನಿಸಿ' ಎಂದು ಬರೆಯುತ್ತಾರೆ. ಅದೂ ಒಪ್ಪಿದರೆ ಇನ್ನೂ ಮೇಲಿನದಕ್ಕೆ ಹೀಗೆಯೇ ಬರೆಯುತ್ತಾರೆ. ವಿದ್ಯೆಯ ವ್ಯವಹಾರದಲ್ಲಿ ಈ ಸಂತೆಯ ಚೌಕಾಶಿ ನಮಗೇನೂ ಚೆನ್ನಾಗಿ ಕಾಣುವುದಿಲ್ಲ. ಲೇಖಕರ ಹೆಸರನ್ನೂ ಅವರ ವಿಶ್ವವಿದ್ಯಾನಿಲಯವನ್ನೂ ನೋಡಿ ವಿದ್ಯಾರ್ಥಿಗಳು ಮರುಳಾಗುತ್ತಾರೆಂಬ ದೂರು ಬಹಳ ಹಳೆಯದು. ಆದುದರಿಂದಲೇ ಕೆಲವು ಪತ್ರಿಕೆಗಳು ಈಚೆಗೆ ಹೆಸರು ಮರೆಸಿ ಓದುವುದನ್ನೂ, ಕೊನೆಯ ತೀರ್ಮಾನಕ್ಕೆ ಮುಂಚೆ ಅಧ್ಯಾಪಕರ ಅಭಿಪ್ರಾಯ ಕೇಳುವುದನ್ನೂ ರೂಢಿಸಿಕೊಂಡಿವೆ.

ಐನ್‌ಸ್ಟೈನರು ಮುನಿಸಿಕೊಂಡ ಅದೇ ೧೯೩೬ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಕಾನೂನು ಪ್ರಾಧ್ಯಾಪಕ ಫ್ರೆಡ್ ರೊಡೆಲ್ ಈ ಪತ್ರಿಕೆಗಳಿಗೆಲ್ಲ ವಿದಾಯ ಹೇಳುವ ಲೇಖನವೊಂದನ್ನು ಬರೆದರು. ಅವುಗಳ ಶೈಲಿಯೂ ಕೆಟ್ಟದ್ದು, ಸಾರವೂ ಕೆಟ್ಟದ್ದು ಎಂಬುದು ಅವರ ಅಭಿಪ್ರಾಯ. ಆ ವಿದಾಯ ಅಚ್ಚಾದದ್ದೂ ಒಂದು ಕಾನೂನು ಪತ್ರಿಕೆಯಲ್ಲಿಯೇ. ೧೯೬೨ರಲ್ಲಿ ಅದೇ ಪತ್ರಿಕೆಗೆ ಮರಳಿ ಬಂದು ಅವರು ಮತ್ತೊಮ್ಮೆ ವಿದಾಯ ಹೇಳಿದರು.

ಹಾಗೆಂದು ವಿದ್ಯಾರ್ಥಿಗಳ ಆಯ್ಕೆಯನ್ನು ಹಗುರವಾಗಿ ಕಾಣುವಂತಿಲ್ಲ. ೧೮೮೮ರಲ್ಲಿ ಕೊಡಾಕ್ ಕ್ಯಾಮೆರಾ ಮಾರುಕಟ್ಟೆಗೆ ಬಂದಿತು. ಕ್ಷಣಾರ್ಧದಲ್ಲಿ ಚಿತ್ರ ಹಿಡಿಯಬಲ್ಲ ಫಲಕಗಳು ಆ ವೇಳೆಗಾಗಲೇ ಸಿದ್ಧವಾಗಿದ್ದವು. ಅಲ್ಲಿಯವರೆಗೆ ಒಬ್ಬರ ಚಿತ್ರ ತೆಗೆಯಬೇಕಾದರೆ ಅವರು ಒಪ್ಪಿ, ಅಲುಗಾಡದೆ ಕುಳಿತಿರಬೇಕಾಗಿತ್ತು. ಇನ್ನು ಮೇಲೆ ಅವರ ಒಪ್ಪಿಗೆಯೇ ಬೇಡವಾಯಿತು. ಇದನ್ನೂ ವೃತ್ತಪತ್ರಿಕೆಗಳ ಕುತೂಹಲವನ್ನೂ ಕಂಡು ಬಾಸ್ಟನ್ನಿನ ಇಬ್ಬರು ವಕೀಲರು, ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್, ಖಾಸಗಿತನವೂ ಮನುಷ್ಯನ ಹಕ್ಕೆಂದು ವಾದಿಸಿ ಲೇಖನ ಬರೆದರು. ೧೮೯೦ರ ಡಿಸೆಂಬರ್ ೧೫ರಂದು ಅದನ್ನು ಪ್ರಕಟಿಸಿದ್ದು ಆಗಿನ್ನೂ ಮೂರು ವರ್ಷದ ಕೂಸಾಗಿದ್ದ, ವಿದ್ಯಾರ್ಥಿಗಳ 'ಹಾರ್ವರ್ಡ್ ಲಾ ರಿವ್ಯೂ'. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ೨೦೧೨ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ೨೦೧೭ರ ಆಗಸ್ಟ್ ೨೪ರಂದು ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಆ ತೀರ್ಪಿನಲ್ಲಿ ಈ ಲೇಖನದ ಚರ್ಚೆಯಿದೆ.

ಭಾರತದಲ್ಲಿ ಎರಡು ಮಾದರಿಗಳೂ ಇವೆ. ೧೯೫೬ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಇಂಡಿಯನ್ ಲಾ ಇನ್‌ಸ್ಟಿಟ್ಯೂಟಿನ ಪತ್ರಿಕೆ ೧೯೫೮ರಿಂದ ವಿದ್ವಾಂಸರ ಕೈಯಲ್ಲಿ ನಡೆದುಬಂದಿದೆ. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ 'ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ' ಪತ್ರಿಕೆಯನ್ನು ಸಂಪಾದಿಸುವವರು ವಿದ್ಯಾರ್ಥಿಗಳು.

ಲೇಖನ ಒಪ್ಪಿಗೆಯಾದ ಮೇಲೆ ನಡೆಯುವ ಕೆಲಸವೊಂದುಂಟು. ಅದರಲ್ಲಿ ಮಾತ್ರ ವಿದ್ಯಾರ್ಥಿಗಳ ಪತ್ರಿಕೆ ನಮ್ಮ ವಿಜ್ಞಾನ ಪತ್ರಿಕೆಗಳನ್ನು ಮೀರಿಸುತ್ತದೆ ಎಂದು ನಮಗನ್ನಿಸುತ್ತದೆ. ಅಮೆರಿಕದ ಕಾನೂನು ಲೇಖನವೊಂದು ಇಪ್ಪತ್ತು ಸಾವಿರ ಪದಗಳನ್ನು ಮುಟ್ಟುವುದು ಸಾಮಾನ್ಯ, ಅಡಿಟಿಪ್ಪಣಿಗಳು ನೂರುಗಟ್ಟಲೆ. ಎರಡನೆಯ ವರ್ಷದ ವಿದ್ಯಾರ್ಥಿಗಳು ಅವುಗಳನ್ನು ಹಂಚಿಕೊಂಡು, ಒಂದೊಂದು ತೀರ್ಪನ್ನೂ ಗ್ರಂಥವನ್ನೂ ಮೂಲದಲ್ಲಿಯೇ ತೆರೆದು, ಸಂಪುಟ, ಪುಟ, ಉದ್ಧರಿಸಿದ ಮಾತು ಎಲ್ಲವನ್ನೂ ತಾಳೆನೋಡುತ್ತಾರೆ. ಉಲ್ಲೇಖಗಳನ್ನು ಬರೆಯುವ ರೀತಿಗೆಂದೇ ೧೯೨೬ರಲ್ಲಿ ೨೬ ಪುಟಗಳ ಒಂದು ಕೈಪಿಡಿ ಹೊರಟಿತು. ಅದರ ೨೦೧೦ರ ಆವೃತ್ತಿಯಲ್ಲಿದ್ದ ಪುಟಗಳು ೫೧೧! ನಿಯಮಗಳ ಈ ಬೆಳವಣಿಗೆಯನ್ನು ನಾವು ಹೊಗಳಲಾರೆವು. ತಾಳೆನೋಡುವ ಕೆಲಸದ ಬೆಲೆಯಾದರೋ ಬೇರೆ. ೨೦೨೩ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದಕ್ಕೆ ಇಬ್ಬರು ವಕೀಲರು ಸಲ್ಲಿಸಿದ ವಾದಪತ್ರದಲ್ಲಿ, ಚಾಟ್‌ಜಿಪಿಟಿ ಎಂಬ ಯಂತ್ರ ಕಲ್ಪಿಸಿಕೊಟ್ಟ ಆರು ತೀರ್ಪುಗಳು ಸೇರಿಕೊಂಡಿದ್ದವು. ಅಂಥ ತೀರ್ಪುಗಳನ್ನು ಯಾವ ನ್ಯಾಯಾಲಯವೂ ಕೊಟ್ಟಿರಲಿಲ್ಲ. ಅವುಗಳಲ್ಲಿ ಒಂದಕ್ಕೆ ಕೊಟ್ಟಿದ್ದ ಸಂಪುಟವನ್ನು ತೆರೆದು ಪುಟವನ್ನು ನೋಡಿದರೆ ಅಲ್ಲಿದ್ದುದು ಸಂಬಂಧವೇ ಇಲ್ಲದ ಬೇರೊಂದು ಮೊಕದ್ದಮೆ. ನ್ಯಾಯಾಲಯ ೫,೦೦೦ ಡಾಲರು ದಂಡ ವಿಧಿಸಿತು. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬರ ಕೈಗೆ ಆ ಹಾಳೆಗಳು ಬಂದಿದ್ದರೆ, ಗ್ರಂಥಾಲಯದ ಕಪಾಟಿನ ಮುಂದೆ ಐದು ನಿಮಿಷ ನಿಂತು ತಿಳಿದುಕೊಳ್ಳಬಹುದಾಗಿದ್ದ ಸಂಗತಿಯಿದು.