ಸೇಲ್‌ಡ್ರೋನ್

ಸೇಲ್‌ಡ್ರೋನ್ ಎಂಬುದು ಸಿಬ್ಬಂದಿಯಿಲ್ಲದೆ ಸಮುದ್ರದ ಮೇಲ್ಮೈಯಲ್ಲಿ ಸಂಚರಿಸಿ, ಸಾಗರ ಮತ್ತು ವಾಯುಮಂಡಲದ ಸ್ಥಿತಿಯನ್ನು ಅಳೆಯುವ ಸ್ವಯಂಚಾಲಿತ ನೌಕೆಯಾಗಿದೆ. ಕ್ಯಾಲಿಫೋರ್ನಿಯಾದ ಅಲಮೇಡಾದಲ್ಲಿರುವ ಅದೇ ಹೆಸರಿನ ಸಂಸ್ಥೆಯು ಇದನ್ನು ನಿರ್ಮಿಸುತ್ತದೆ. ಸಂಸ್ಥೆಯ ಸ್ಥಾಪಕ ರಿಚರ್ಡ್ ಜೆಂಕಿನ್ಸ್.

ರಚನೆ

'ಎಕ್ಸ್‌ಪ್ಲೋರರ್' ಮಾದರಿಯ ಉದ್ದ ಸುಮಾರು 7 ಮೀಟರ್. ರೆಕ್ಕೆಯಂತಹ ಗಡುಸಾದ ಹಾಯಿಯು ಗಾಳಿಯ ಬಲದಿಂದ ನೌಕೆಯನ್ನು ನಡೆಸುತ್ತದೆ. ಉಪಕರಣಗಳಿಗೆ ಸೌರಫಲಕಗಳು ವಿದ್ಯುತ್ ಒದಗಿಸುತ್ತವೆ. ನೀರಿನ ಉಷ್ಣತೆ, ಲವಣಾಂಶ, ಕರಗಿದ ಆಮ್ಲಜನಕ ಮೊದಲಾದವುಗಳ ಅಳತೆಗಳು ಉಪಗ್ರಹದ ಮೂಲಕ ದಡಕ್ಕೆ ತಲುಪುತ್ತವೆ.

ಅಂಟಾರ್ಕ್ಟಿಕ ಪರಿಕ್ರಮ

ಮನುಷ್ಯನ ಚಟುವಟಿಕೆಗಳಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನ ಸುಮಾರು ಕಾಲುಭಾಗವನ್ನು ಸಾಗರಗಳು ಹೀರಿಕೊಳ್ಳುತ್ತವೆ. ಇದರಲ್ಲಿ ದಕ್ಷಿಣ ಮಹಾಸಾಗರದ ಪಾಲು ದೊಡ್ಡದು. ಆದರೆ ಅಲ್ಲಿನ ಚಳಿಗಾಲದ ಬಿರುಗಾಳಿಗಳಲ್ಲಿ ಹಡಗುಗಳ ಸಂಚಾರ ಕಡಿಮೆಯಾದ್ದರಿಂದ ಆ ಋತುವಿನ ಅಳತೆಗಳು ವಿರಳವಾಗಿದ್ದವು.

ಎಸ್‌ಡಿ 1020 ಎಂಬ ನೌಕೆಯು 2019ರ ಜನವರಿ 19ರಂದು ನ್ಯೂಜಿಲೆಂಡಿನ ಬ್ಲಫ್ ಬಂದರಿನಿಂದ ಹೊರಟು, ಸುಮಾರು 22,000 ಕಿ.ಮೀ. ಕ್ರಮಿಸಿ, 196 ದಿನಗಳ ನಂತರ ಆಗಸ್ಟ್ 3ರಂದು ಅಲ್ಲಿಗೇ ಮರಳಿತು. ಅಂಟಾರ್ಕ್ಟಿಕವನ್ನು ಸುತ್ತಿಬಂದ ಮೊದಲ ಸ್ವಯಂಚಾಲಿತ ನೌಕೆ ಇದು. ದೈತ್ಯ ಅಲೆಗಳನ್ನು ತಾಳಿಕೊಳ್ಳಲೆಂದು ಇದಕ್ಕೆ ಎತ್ತರದ ಹಾಯಿಯ ಬದಲು ಗಿಡ್ಡನೆಯ ಚೌಕ ಹಾಯಿಯನ್ನು ಅಳವಡಿಸಲಾಗಿತ್ತು. ಚಳಿಗಾಲದಲ್ಲಿ ಈ ಸಾಗರವು ಕೆಲವೆಡೆ ಇಂಗಾಲದ ಡೈಆಕ್ಸೈಡನ್ನು ಹೀರುವ ಬದಲು ಹೊರಬಿಡುವುದು ಇದರ ಅಳತೆಗಳಲ್ಲಿ ಕಂಡುಬಂದಿತು. ಆದ್ದರಿಂದ ಬೇಸಿಗೆಯ ಅಳತೆಗಳನ್ನಷ್ಟೇ ನೆಚ್ಚಿದರೆ ಸಾಗರದ ಹೀರುವಿಕೆಯನ್ನು ಇರುವುದಕ್ಕಿಂತ ಹೆಚ್ಚೆಂದು ಅಂದಾಜಿಸುವ ಸಾಧ್ಯತೆಯಿದೆ.

ಮಿತಿಗಳು

ಈ ನೌಕೆಯ ಹೆಚ್ಚಿನ ಅಳತೆಗಳು ಮೇಲ್ಮೈಗೆ ಸೀಮಿತವಾಗಿವೆ. ಸಾಗರದ ಆಳದ ಮಾಹಿತಿಗೆ ಮುಳುಗೇಳುವ ಆರ್ಗೊ ತೇಲುಯಂತ್ರಗಳಂತಹ ಸಾಧನಗಳು ಅಗತ್ಯ. ಒಂದೇ ನೌಕೆಯ ಒಂದು ಪರಿಕ್ರಮದಿಂದ ಇಡೀ ಸಾಗರದ ಲೆಕ್ಕ ತೀರ್ಮಾನವಾಗುವುದಿಲ್ಲ. ಅದಕ್ಕೆ ವರ್ಷವರ್ಷವೂ ಅಳತೆಗಳು ಬೇಕು.