ಗವಾಯಿಗಳ ಬಿಡಾರದಿಂದ ಬೇಸಿಗೆ ಶಿಬಿರದವರೆಗೆ

ಮೇ ತಿಂಗಳ ಮೊದಲ ವಾರ. ಹೊನ್ನಾಳಿಯಲ್ಲಿ ಬೆಳಗಿನ ಬಸ್ಸು ಹತ್ತಿ, ದಾರಿಯಲ್ಲಿ ಎರಡು ಕಡೆ ಬಸ್ಸು ಬದಲಿಸಿ, ವಿಶ್ವವಿದ್ಯಾಲಯವೊಂದರ ಹೆಬ್ಬಾಗಿಲ ಮುಂದೆ ಇಳಿದಾಗ ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಹೈಸ್ಕೂಲು ಮಕ್ಕಳಿಗಾಗಿ ಅಲ್ಲಿ ಹತ್ತು ದಿನಗಳ ಸಂಗೀತ ಶಿಬಿರ. ಅದರ ವರದಿಗೆಂದು ಹೋದವನು ನಾನು. ಪರೀಕ್ಷೆ ಮುಗಿದು ವಿದ್ಯಾರ್ಥಿಗಳೆಲ್ಲ ಊರಿಗೆ ಹೋಗಿದ್ದರಿಂದ ಹಾಸ್ಟೆಲು ಖಾಲಿ ಬಿದ್ದಿತ್ತು. ಗುಲ್‌ಮೊಹರ್ ಮರದ ಕೆಳಗೆ ಒಂದು ಮೇಜು, ಅದರ ಮೇಲೆ ಹೆಸರು ಬರೆಯುವ ಪುಸ್ತಕ. ಮಕ್ಕಳು ಒಬ್ಬೊಬ್ಬರಾಗಿ ಬರುತ್ತಿದ್ದರು. ಒಬ್ಬನ ಹೆಗಲಲ್ಲಿ ಗವಸು ಹಾಕಿದ ತಬಲಾ, ಇನ್ನೊಬ್ಬಳ ಕೈಯಲ್ಲಿ ವಿದ್ಯುತ್ ಶ್ರುತಿಪೆಟ್ಟಿಗೆ. ಪ್ಲಾಸ್ಟಿಕ್ ಬಕೆಟ್ಟು ಮತ್ತು ಸುತ್ತಿದ ಹಾಸಿಗೆ ಮಾತ್ರ ಎಲ್ಲರ ಬಳಿಯೂ ಇತ್ತು.

ನ್ಯಾಮತಿ ಕಡೆಯ ಹಳ್ಳಿಯಿಂದ ಮಗಳನ್ನು ಕರೆತಂದಿದ್ದ ರೈತರೊಬ್ಬರು ಮೇಜಿನ ಮುಂದೆ ನಿಂತು ಕೇಳಿದ ಮೊದಲ ಪ್ರಶ್ನೆ ಸಂಗೀತದ್ದಲ್ಲ.

‘ಊಟ, ಮಲಗೋದು ಎಲ್ಲಾ ಇಲ್ಲೇ ಏನ್ರೀ ಸಾರ್?’

‘ಎಲ್ಲಾ ಇಲ್ಲೇ ಯಜಮಾನ್ರೇ. ಫೀಸ್‌ನಾಗೇ ಸೇರೈತಿ.’

ಪಾಠ ಹೇಳುವವರು ಯಾರು, ಹಿಂದೂಸ್ತಾನಿಯೋ ಕರ್ನಾಟಕ ಪದ್ಧತಿಯೋ ಎಂಬುದನ್ನು ಅವರು ಆಮೇಲೆ ಕೇಳಿದರು, ಅದೂ ಮಗಳು ಮೆಲ್ಲಗೆ ತಿವಿದ ಮೇಲೆ. ಆಗ ನನಗೆ ಸ್ವಲ್ಪ ನಗು ಬಂದದ್ದುಂಟು. ಆದರೆ ನಮ್ಮ ನಾಡಿನ ಸಂಗೀತ ಶಿಕ್ಷಣದ ಚರಿತ್ರೆಯನ್ನು ತಿರುವಿ ನೋಡಿದರೆ ಆ ರೈತರು ಕೇಳಿದ್ದೇ ಸರಿಯಾದ ಪ್ರಶ್ನೆ. ಸಂಗೀತ ಕಲಿಯಲು ಮನೆ ಬಿಟ್ಟು ಬಂದ ಮಗುವಿಗೆ ಅನ್ನ ಹಾಕುವವರು ಯಾರು? ಕಳೆದ ನೂರು ವರ್ಷಗಳಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರ ಬದಲಾದಂತೆಲ್ಲ ಕಲಿಯುವವರು ಯಾರೆಂಬುದೂ ಬದಲಾಗಿದೆ.

‘ಶಿಬಿರ’ ಎಂಬುದು ಸಂಸ್ಕೃತದ ಮಾತು. ದಂಡು ತಂಗುವ ಜಾಗಕ್ಕೆ ಇದ್ದ ಹೆಸರು. ಇಂದು ನೇತ್ರ ತಪಾಸಣೆಗೂ ರಕ್ತದಾನಕ್ಕೂ ಬೇಸಿಗೆ ರಜೆಗೂ ಅದೇ ಪದ. ಕನ್ನಡದ್ದೇ ಆದ ಮಾತೆಂದರೆ ‘ಬೀಡು’. ‘ಬಿಡು’ ಎಂಬ ಧಾತುವಿನಿಂದ ಬಂದದ್ದು. ನಡೆದು ಬಂದವರು ಹೊರೆ ಇಳಿಸಿ, ಎತ್ತಿನ ಕೊರಳು ಬಿಚ್ಚಿ ತಂಗುವ ಜಾಗ ಬೀಡು. ಬಿಡಾರವೂ ಅದೇ ಬಳಗದ ಮಾತು. ಉತ್ತರ ಕರ್ನಾಟಕದಲ್ಲಿ ಹೀಗೆ ಬಿಡಾರ ಹೂಡುತ್ತಲೇ ಸಂಗೀತ ಕಲಿಸಿದ ಒಂದು ಶಾಲೆಯಿತ್ತು.

ಅದು ಪಂಚಾಕ್ಷರ ಗವಾಯಿಗಳ ಶಾಲೆ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅವರು ಹುಟ್ಟು ಕುರುಡರು. ಮೊದಲ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಇಬ್ಬರ ಹಾಡನ್ನು ಕೇಳಿದ ಹಾನಗಲ್ ಕುಮಾರಸ್ವಾಮಿಗಳು ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಬಾದಾಮಿ ಬಳಿಯ ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದವರು ಇವರೇ. ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಮುಂದೆ ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತು ಪಂಚಾಕ್ಷರ ಗವಾಯಿಗಳಾದರು. ಎರಡು ಪದ್ಧತಿಗಳಲ್ಲೂ ಕಚೇರಿ ಮಾಡಬಲ್ಲವರಾಗಿದ್ದರು.

ಅವರಿಗೆ ಮನಸ್ಸಿದ್ದರೆ ಯಾವುದಾದರೂ ಊರಿನಲ್ಲಿ ನೆಲೆ ನಿಂತು ಉಳ್ಳವರ ಮಕ್ಕಳಿಗೆ ಪಾಠ ಹೇಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಕಣ್ಣಿಲ್ಲದ, ಕೈಕಾಲು ಸ್ವಾಧೀನವಿಲ್ಲದ, ದಿಕ್ಕಿಲ್ಲದ ಹುಡುಗರನ್ನು ಸೇರಿಸಿಕೊಂಡು ಊರಿಂದೂರಿಗೆ ಹೊರಟರು. ಒಂದು ಊರಿನ ಮಠದಲ್ಲಿ ಬಿಡಾರ. ಊರವರು ಕೊಟ್ಟ ಜೋಳ, ಅಕ್ಕಿಯಲ್ಲಿ ಅಡಿಗೆ. ಅಲ್ಲಿಯೇ ಪಾಠ. ಕೆಲಕಾಲ ಕಳೆದ ಮೇಲೆ ಹಾರ್ಮೋನಿಯಂ, ತಬಲಾ, ಪಾತ್ರೆಪಗಡಗಳನ್ನು ಹೇರಿಕೊಂಡು ಮುಂದಿನ ಊರು. ಇದನ್ನು ‘ಸಂಚಾರಿ ಸಂಗೀತ ಶಾಲೆ’ ಎಂದು ಕರೆಯುತ್ತಿದ್ದರು. ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಮಂಡಳಿಯನ್ನೂ ಕಟ್ಟಿದರು. ಕಡೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರು ಕೊಟ್ಟ ಜಾಗದಲ್ಲಿ ಶಾಲೆ ನೆಲೆ ನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು ಆಶ್ರಮವನ್ನು ವಹಿಸಿಕೊಂಡು 2010ರಲ್ಲಿ ಕಣ್ಮುಚ್ಚುವವರೆಗೆ ನಡೆಸಿದರು. ಅವರಿಗೂ ಕಣ್ಣಿರಲಿಲ್ಲ. ಭಕ್ತರು ಊರೂರುಗಳಲ್ಲಿ ಅವರಿಗೆ ತುಲಾಭಾರ ಮಾಡುತ್ತಿದ್ದುದನ್ನು ನಮ್ಮ ಭಾಗದ ಹಿರಿಯರು ಕಂಡಿದ್ದಾರೆ. ತಕ್ಕಡಿಯಲ್ಲಿ ತೂಗಿದ ನಾಣ್ಯವೆಲ್ಲ ಮಕ್ಕಳ ಊಟಕ್ಕೆ ಹೋಗುತ್ತಿತ್ತು.

ದಾವಣಗೆರೆ ಜಿಲ್ಲೆಯವರಿಗೆ ಈ ಕಥೆ ದೂರದ್ದಲ್ಲ. 1995ರ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರ ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದದ್ದು ಓದುಗರಿಗೆ ನೆನಪಿರಬಹುದು. ಅದು ದಾವಣಗೆರೆಯ ನಾಟಕ ಮನೆತನವಾದ ಚಿಂದೋಡಿಯವರ ಚಿತ್ರ. ಪುಣ್ಯಾಶ್ರಮದ ಪರಂಪರೆಯ ಅಂಧರ ಸಂಗೀತ ಶಾಲೆ ದಾವಣಗೆರೆಯಲ್ಲೂ ಇದೆ. ಶ್ರಾವಣ ಮಾಸದಲ್ಲಿ ಹೊನ್ನಾಳಿ, ಚನ್ನಗಿರಿ ಕಡೆಯ ಮಠಗಳಲ್ಲಿ ಪುರಾಣ ನಡೆಯುವಾಗ ಪ್ರವಚನಕಾರರ ಪಕ್ಕದಲ್ಲಿ ಒಬ್ಬ ಗವಾಯಿ, ಒಬ್ಬ ತಬಲಾದವರು ಕೂರುವುದು ವಾಡಿಕೆ. ಇವರು ಎಲ್ಲಿ ಕಲಿತವರೆಂದು ವಿಚಾರಿಸಿದರೆ ಅನೇಕ ವೇಳೆ ದಾರಿ ಗದಗಿಗೇ ಹೋಗಿ ಮುಟ್ಟುತ್ತದೆ.

ಇನ್ನೊಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಬೇಸಿಗೆ ಎಂದರೆ ನಾಟಕದ ಕಾಲ. ಸುಗ್ಗಿ ಮುಗಿದ ಮೇಲೆ ಊರ ಹುಡುಗರು ಸೇರಿ ಒಬ್ಬ ಪೇಟಿ ಮಾಸ್ತರರನ್ನು ಕರೆಸುತ್ತಿದ್ದರು. ಮಾಸ್ತರರು ತಿಂಗಳು, ಎರಡು ತಿಂಗಳು ಊರಲ್ಲೇ ಉಳಿದು, ರಾತ್ರಿ ಲಾಟೀನಿನ ಬೆಳಕಿನಲ್ಲಿ ರಂಗಗೀತೆ ಹೇಳಿಕೊಡುತ್ತಿದ್ದರು. ಅವರ ಊಟ ದಿನಕ್ಕೊಂದು ಮನೆಯಲ್ಲಿ. ಇದೂ ಬೇಸಿಗೆಯ ಸಂಗೀತ ಶಿಬಿರವೇ, ಆದರೆ ತಿರುಗುಮುರುಗಾದದ್ದು. ಇಲ್ಲಿ ಕಲಿಯುವವರು ಮನೆಯಲ್ಲೇ ಇರುತ್ತಿದ್ದರು, ಮನೆ ಬಿಟ್ಟು ಬಂದವರು ಗುರುಗಳು.

ಗದಗಿನ ಉತ್ತರವೇ ಎಲ್ಲ ಕಡೆಯೂ ಇತ್ತೆಂದಲ್ಲ. ಹೆಚ್ಚಿನ ಕಡೆ ಶಿಷ್ಯನಿಗೆ ಅನ್ನ ಹಾಕುತ್ತಿದ್ದದ್ದು ಗುರುವಿನ ಮನೆ. ಅದರ ಬೆಲೆಯನ್ನು ಶಿಷ್ಯ ದುಡಿದು ತೀರಿಸಬೇಕಿತ್ತು. ಗದಗಿನ ಬಾಲಕ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದರು. ಉತ್ತರ ಭಾರತವನ್ನೆಲ್ಲ ಅಲೆದ ಮೇಲೆ ಗುರು ಸಿಕ್ಕಿದ್ದು ಮನೆಯ ಬಗಲಲ್ಲೇ, ಕುಂದಗೋಳದ ಸವಾಯಿ ಗಂಧರ್ವರಲ್ಲಿ. ಅಲ್ಲಿ ಕೊಡಗಟ್ಟಲೆ ನೀರು ಹೊತ್ತದ್ದು ಅವರ ಜೀವನದ ಪ್ರಸಿದ್ಧ ಪ್ರಸಂಗ. ಅದೇ ಗುರುಗಳಲ್ಲಿ 1930ರ ದಶಕದ ಕೊನೆಯಲ್ಲಿ ಕಲಿತ ಗಂಗೂಬಾಯಿ ಹಾನಗಲ್ ಅವರಿಗೆ ಗುರುವಿನ ಮನೆಯಲ್ಲಿ ನಿಲ್ಲುವ ಅವಕಾಶವಿರಲಿಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ, ರಾತ್ರಿ ಮನೆಗೆ ಮರಳಬೇಕಿತ್ತು. ರೈಲಿನಲ್ಲಿ ಹೋಗಿಬರುವ ಗಾಯಕಿಯನ್ನು ಜನ ಆಡಿಕೊಂಡದ್ದೂ ಉಂಟು. ಗುರುಕುಲವನ್ನು ಹೊಗಳುವಾಗ ಇದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ಸಂಗೀತವನ್ನು ಮನೆಯ ಅಂಗಳದಿಂದ ಶಾಲೆಗೆ ತಂದವರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಪ್ರಮುಖರು. ಅವರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದದ್ದು ಸಾರ್ವಜನಿಕರ ಹಣದಿಂದ. 1926ರಲ್ಲಿ ಭಾತಖಂಡೆಯವರ ಪ್ರಯತ್ನದಿಂದ ಲಖನೌದಲ್ಲಿ ಸಂಗೀತ ಕಾಲೇಜು ಬಂತು. ನಂತರ ಸರದಿ ವಿಶ್ವವಿದ್ಯಾಲಯಗಳದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮಲ್ಲಿಕಾರ್ಜುನ ಮನ್ಸೂರರಂಥವರನ್ನು ಕರೆದು ಸಂಗೀತ ವಿಭಾಗದ ಹೊಣೆ ವಹಿಸಿತು. ಐದನೆಯ ಇಯತ್ತೆಯವರೆಗೆ ಮಾತ್ರ ಓದಿದ್ದ ಗಂಗೂಬಾಯಿಯವರು ಅಲ್ಲಿ ಗೌರವ ಪ್ರಾಧ್ಯಾಪಕರಾದರು. ಇಂದು ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರೇ ಇದೆ. ಗುರುವಿಗೆ ಸಂಬಳ ಸಿಕ್ಕಿತು, ಶಿಷ್ಯನಿಗೆ ಪದವಿ ಸಿಕ್ಕಿತು, ಹೆಣ್ಣುಮಕ್ಕಳು ಯಾರ ಮಾತಿಗೂ ಅಂಜದೆ ತರಗತಿಯಲ್ಲಿ ಕೂರುವಂತಾಯಿತು. ಇದು ಸಣ್ಣ ಲಾಭವಲ್ಲ. ಆದರೆ ಗಂಟೆ ಬಾರಿಸಿದ ಕೂಡಲೇ ಪಾಠ ನಿಲ್ಲುತ್ತದೆ.

ಪಾಠ ನಿಲ್ಲದಿದ್ದರೆ ಏನಾಗುತ್ತದೆ? ಇದಕ್ಕೆ ಪಂಡಿತ ಎಂ. ವೆಂಕಟೇಶಕುಮಾರ ಅವರ ಜೀವನವನ್ನು ನೋಡಬಹುದು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದವರು. ತಂದೆ ಜಾನಪದ ಗಾಯಕರು. ಸೋದರಮಾವ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆ ಆಟಕ್ಕೆ ಹೆಸರಾದವರು. ಈ ಮಾವನೇ ಹುಡುಗನನ್ನು ಗದಗಿಗೆ ಕರೆದೊಯ್ದು ಪುಣ್ಯಾಶ್ರಮಕ್ಕೆ ಸೇರಿಸಿದ್ದು. ಹನ್ನೆರಡು ವರ್ಷ ಅಲ್ಲಿಯೇ ವಾಸ. ಆಮೇಲೆ ಅವರು ಮೂವತ್ತಮೂರು ವರ್ಷ ಧಾರವಾಡದ ವಿಶ್ವವಿದ್ಯಾಲಯ ಸಂಗೀತ ಕಾಲೇಜಿನಲ್ಲಿ ಪಾಠ ಹೇಳಿದರು. 2016ರಲ್ಲಿ ಪದ್ಮಶ್ರೀ ಬಂತು. ಅಂದರೆ ಆಶ್ರಮದಲ್ಲಿ ಕಲಿತದ್ದನ್ನು ಕಾಲೇಜಿನಲ್ಲಿ ಕಲಿಸಿದವರು ಅವರು. ಇಂಥ ಶಾಲೆಗಳಲ್ಲಿ ಹುಡುಗ ಕಲಿಯುವುದು ತನಗೆ ಹೇಳಿದ ಪಾಠವನ್ನಷ್ಟೇ ಅಲ್ಲ. ನಸುಕಿನಲ್ಲಿ ಹಿರಿಯರು ಮಂದ್ರ ಸಪ್ತಕದಲ್ಲಿ ಷಡ್ಜ ಹಿಡಿದು ಕೂರುವುದು ಹಾಸಿಗೆಯಲ್ಲಿದ್ದಾಗಲೇ ಅವನ ಕಿವಿಗೆ ಬೀಳುತ್ತದೆ. ಪಕ್ಕದವನ ತಪ್ಪನ್ನು ಗುರುಗಳು ಹತ್ತು ಸಲ ತಿದ್ದುವುದನ್ನು ಕೇಳಿ ಕೇಳಿ ತನ್ನ ತಪ್ಪೂ ತಿಳಿಯುತ್ತದೆ. ತಂಬೂರಿಯ ತಂತಿಗೆ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ನಾದ ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ.

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಒಂದೆಡೆ ಸೇರಿಸಿ ಸಂಗೀತ ಕಲಿಸುವ ಈಗಿನ ಪದ್ಧತಿಗೆ ಅಮೆರಿಕದಲ್ಲಿ ಹಳೆಯ ಮಾದರಿಗಳಿವೆ. ಮಿಷಿಗನ್ ರಾಜ್ಯದ ಇಂಟರ್‌ಲೋಕನ್ ಎಂಬಲ್ಲಿ 1928ರಲ್ಲಿ, ಸರೋವರಗಳ ನಡುವಿನ ಕಾಡಿನಲ್ಲಿ, ಹೈಸ್ಕೂಲು ಮಕ್ಕಳ ವಾದ್ಯವೃಂದಕ್ಕಾಗಿ ಶಿಬಿರ ಆರಂಭವಾಯಿತು. ಟ್ಯಾಂಗಲ್‌ವುಡ್‌ನ ಬೇಸಿಗೆ ಸಂಗೀತ ಶಾಲೆ 1940ರದು. ನಮ್ಮಲ್ಲಿ ದೆಹಲಿಯ ಐಐಟಿಯ ಪ್ರಾಧ್ಯಾಪಕ ಕಿರಣ್ ಸೇಠ್ 1977ರಲ್ಲಿ ಕಟ್ಟಿದ ಸ್ಪಿಕ್ ಮೆಕೆ ಸಂಸ್ಥೆ ಬೇಸಿಗೆಯಲ್ಲಿ ಯಾವುದಾದರೊಂದು ವಿದ್ಯಾಸಂಸ್ಥೆಯ ಆವರಣದಲ್ಲಿ ಸಮಾವೇಶ ನಡೆಸುತ್ತ ಬಂದಿದೆ. ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ಉಳಿದು, ನಸುಕಿಗೆ ಎದ್ದು ಯೋಗ, ಶ್ರಮದಾನ ಮಾಡಿ, ಹಗಲು ಗುರುಗಳ ಮುಂದೆ ಕೂತು, ಇರುಳು ಕಚೇರಿ ಕೇಳುತ್ತಾರೆ. ಆಯ್ದ ಕೆಲವರನ್ನು ರಜೆಯಲ್ಲಿ ಒಂದು ತಿಂಗಳು ಗುರುವಿನ ಬಳಿಯೇ ಇರಿಸುವ ಯೋಜನೆಯೂ ಅದಕ್ಕಿದೆ. ಹುಬ್ಬಳ್ಳಿಯ ಉಣಕಲ್‌ನಲ್ಲಿ ಸರ್ಕಾರವೇ ಗಂಗೂಬಾಯಿಯವರ ಹೆಸರಿನಲ್ಲಿ ಗುರುಕುಲ ಸ್ಥಾಪಿಸಿತು. ಗುರುವೂ ಶಿಷ್ಯರೂ ಒಂದೇ ಆವರಣದಲ್ಲಿ ವಾಸಿಸಬೇಕೆಂಬುದು ಅದರ ಉದ್ದೇಶ. ರಾತ್ರಿ ರೈಲಿಗೆ ಕಾದು ನಿಂತ ಗಾಯಕಿಯ ಹೆಸರು ಅದಕ್ಕೆ ಸಲ್ಲುವಂಥದ್ದೇ.

ಹತ್ತು ದಿನದ ಶಿಬಿರ ಹನ್ನೆರಡು ವರ್ಷದ ವಾಸಕ್ಕೆ ಸಮವೆಂದು ಯಾರೂ ಹೇಳಲಾರರು. ನಾನು ಕಂಡ ಶಿಬಿರದಲ್ಲೂ ಮೊದಲ ಮೂರು ದಿನ ಮಕ್ಕಳಿಗೆ ಬೆಳಿಗ್ಗೆ ಐದಕ್ಕೆ ಏಳುವುದನ್ನು ಕಲಿಸುವುದರಲ್ಲೇ ಹೋಯಿತು. ಸರಳೆ ವರಸೆಯಲ್ಲಿ ಗಟ್ಟಿಗರಾದವರೂ, ಸಿನಿಮಾ ಹಾಡಿನ ಆಚೆ ಏನೂ ಅರಿಯದವರೂ ಒಂದೇ ಕೊಠಡಿಯಲ್ಲಿ. ಗುಂಪಿನಲ್ಲಿ ಹಾಡಿದಾಗ ಯಾರ ಸ್ವರ ಜಾರಿತೆಂದು ಹಿಡಿಯುವುದು ಗುರುಗಳಿಗೂ ಕಷ್ಟ. ಆದರೆ ನಾಲ್ಕನೆಯ ರಾತ್ರಿ ಊಟದ ಮನೆಯ ಹೊರಗೆ, ತಟ್ಟೆ ತೊಳೆಯುವ ನಲ್ಲಿಯ ಬಳಿ, ಐದಾರು ಹುಡುಗಿಯರು ತೊಡೆಯ ಮೇಲೆ ತೀನ್‌ತಾಲ್ ಹಾಕುತ್ತ ಒಬ್ಬಳ ತಪ್ಪನ್ನು ಇನ್ನೊಬ್ಬಳು ತಿದ್ದುತ್ತಿದ್ದರು. ಗುರುಗಳು ಆಗಲೇ ಮಲಗಿದ್ದರು. ವೇಳಾಪಟ್ಟಿಯಲ್ಲಿ ಇಲ್ಲದ ಈ ಪಾಠ, ಸಂಜೆ ಐದರ ಬಸ್ಸಿಗೆ ಮನೆಗೆ ಓಡುವ ಮಕ್ಕಳಿಗೆ ದೊರೆಯುವಂಥದಲ್ಲ.

ಇನ್ನು ಫೀಸಿನ ಮಾತು. ಪಂಚಾಕ್ಷರ ಗವಾಯಿಗಳ ಬಿಡಾರದಲ್ಲಿ ಊರು ಅನ್ನ ಹಾಕಿತು, ಆದ್ದರಿಂದ ಏನೂ ಇಲ್ಲದವರ ಮಕ್ಕಳು ಗವಾಯಿಗಳಾದರು. ಇಂದಿನ ಶಿಬಿರದಲ್ಲಿ ಅನ್ನದ ಖರ್ಚು ಮಗುವಿನ ಹೆಸರಿನ ಮುಂದೆ ಬರೆಯುವ ರಸೀದಿಯಲ್ಲಿದೆ. ಮೆಕ್ಕೆಜೋಳದ ದರ ಇಳಿದ ವರ್ಷ ಹೊನ್ನಾಳಿ, ಜಗಳೂರು ಕಡೆಯ ಹಳ್ಳಿಗಳಿಂದ ಎಷ್ಟು ಮಕ್ಕಳು ಬಂದಾರು ಎಂಬುದನ್ನು ಸಂಘಟಕರು ಯೋಚಿಸಬೇಕು. ಪುರಾಣಕ್ಕೂ ಜಾತ್ರೆಗೂ ಮೂಟೆಗಟ್ಟಲೆ ಅಕ್ಕಿ ಕೊಡುವ ಊರುಗಳು ನಮ್ಮವು. ಖಾಲಿ ಬಿದ್ದ ಹಾಸ್ಟೆಲುಗಳಿಗೂ ಬೇಸಿಗೆಯಲ್ಲಿ ಕೊರತೆಯಿಲ್ಲ. ಇವೆರಡನ್ನೂ ಕೂಡಿಸುವವರು ಬೇಕಾಗಿದ್ದಾರೆ.

ನ್ಯಾಮತಿ ಕಡೆಯ ಆ ರೈತರು ಮಗಳ ಕೊಠಡಿಗೆ ಹೋಗಿ, ನಲ್ಲಿ ತಿರುಗಿಸಿ ನೀರು ಬರುವುದನ್ನು ನೋಡಿ, ಅಡಿಗೆಯವರನ್ನೂ ಮಾತನಾಡಿಸಿ ಬಂದರು. ಮೇಜಿನ ಮುಂದೆ ನಿಂತು ಒಳಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು ಎರಡು ಸಲ ಎಣಿಸಿದರು. ರಸೀದಿಯನ್ನು ಮಗಳ ಕೈಗೆ ಕೊಟ್ಟು, ‘ಜ್ವಾಪಾನವಾಗಿಟ್ಕಾ, ಊಟಕ್ಕೆ ಕೇಳ್ತಾರ’ ಎಂದು ಹೇಳಿ ಬಸ್ಸಿನ ಕಡೆ ನಡೆದರು.