ಫೋನಿನ ಬೂಟ್‌ಲೋಡರ್‌ಗೆ ಬೀಗ ಇದ್ದರೇನು, ಇಲ್ಲದಿದ್ದರೇನು?



ಕನ್ನಡ ಮಾಧ್ಯಮದ ಮಕ್ಕಳ ಓದಿಗೆ ಉಪಯೋಗವಾಗಲಿ ಎಂದು ಹೊಸೂರು, ಆಲಸನತ್ತಂ, ಬಾಗಲೂರು ಕಡೆಯ ಸದಸ್ಯರು ಕೊಟ್ಟ ಹಳೆಯ ಆಂಡ್ರಾಯ್ಡ್ ಫೋನುಗಳು ಸಂಘದ ಬೀರುವಿನಲ್ಲಿವೆ. ಅವುಗಳಲ್ಲಿ ಎರಡು ಫೋನು ಆನ್ ಮಾಡಿದ ಕೂಡಲೇ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ತೋರಿಸುತ್ತವೆ. ಬೂಟ್‌ಲೋಡರ್‌ನ ಬೀಗ ತೆಗೆದಿದೆ, ಒಳಗಿನ ತಂತ್ರಾಂಶಕ್ಕೆ ನಾವು ಜವಾಬ್ದಾರರಲ್ಲ ಎಂಬುದು ಅದರ ಸಾರಾಂಶ. ಇದು ವೈರಸ್ಸೇ, ಕದ್ದ ಮಾಲೇ, ಮಕ್ಕಳ ಕೈಗೆ ಕೊಡಬಹುದೇ ಎಂದು ಹಲವರು ಕೇಳಿದ್ದಾರೆ. ತಾಳವಾಡಿಯ ಸದಸ್ಯರೊಬ್ಬರ ಪ್ರಶ್ನೆ ಬೇರೆ: ಸೆಕೆಂಡ್ ಹ್ಯಾಂಡ್ ಫೋನು ಕೊಂಡಿದ್ದಾರೆ, ಕ್ಯಾಮೆರಾ, ವಾಟ್ಸಾಪ್ ಎಲ್ಲ ಸರಿಯಾಗಿವೆ, ಬ್ಯಾಂಕಿನ ಆಪ್ ಮಾತ್ರ ತೆರೆಯುವುದಿಲ್ಲ. ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇರುವುದರಿಂದ ಈ ಬರಹ.

ಮೊದಲು ಒಂದು ಗೊಂದಲ ಕಳೆಯಬೇಕು. ನಮ್ಮಲ್ಲಿ ಎಲ್ಲದಕ್ಕೂ 'ಲಾಕ್' ಎನ್ನುತ್ತೇವೆ. ಪರದೆ ತೆರೆಯಲು ಹಾಕುವ ಪಿನ್ ಅಥವಾ ಬೆರಳಚ್ಚು ಒಂದು ಬೀಗ. ಅಮೆರಿಕದಿಂದ ಮಗನೋ ಸೊಸೆಯೋ ತಂದ ಫೋನಿಗೆ ಇಲ್ಲಿಯ ಸಿಮ್ ಹಾಕಿದರೆ ಒಪ್ಪದಿರುವುದು ನೆಟ್‌ವರ್ಕ್ ಬೀಗ. ಅಲ್ಲಿಯವರು 'ಅನ್‌ಲಾಕ್ಡ್ ಫೋನ್' ಎಂದರೆ ಸಾಮಾನ್ಯವಾಗಿ ಈ ಬೀಗ ಇಲ್ಲದ್ದು ಎಂದರ್ಥ. ರೀಸೆಟ್ ಮಾಡಿದ ಮೇಲೆ ಹಳೆಯ ಗೂಗಲ್ ಖಾತೆಯ ಗುಪ್ತಪದ ಕೇಳುವುದು ಮೂರನೆಯದು. 2015ರಲ್ಲಿ ಆಂಡ್ರಾಯ್ಡ್ 5.1ರ ಜೊತೆ ಬಂದ ಕಳ್ಳತನ ತಡೆ ಅದು. ಕಂತು ತಪ್ಪಿದರೆ ಸಾಲ ಕೊಟ್ಟವರು ಹಾಕುವ ಬೀಗವೂ ಉಂಟು. ಬೂಟ್‌ಲೋಡರ್ ಬೀಗ ಇವು ಯಾವುದೂ ಅಲ್ಲ. ಅಂಗಡಿಯವರು 'ಅನ್‌ಲಾಕ್ ಮಾಡಿಕೊಡ್ತೀನಿ ಸಾರ್' ಎಂದರೆ 'ಯಾವ ಲಾಕ್?' ಎಂದು ಕೇಳಿ. ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

ಬೂಟ್‌ಲೋಡರ್ ಎಂದರೆ ಫೋನು ಎದ್ದೇಳುವಾಗ ಎಲ್ಲಕ್ಕಿಂತ ಮೊದಲು ಓಡುವ ಚಿಕ್ಕ ಪ್ರೋಗ್ರಾಂ. ಆಂಡ್ರಾಯ್ಡ್ ಎಂಬ ದೊಡ್ಡ ವ್ಯವಸ್ಥೆಯನ್ನು ನೆನಪಿನಿಂದ ತೆಗೆದು ನಡೆಸುವುದು ಇದರ ಕೆಲಸ. ನಾನು ಕಡತ ತಿರುವಿ ನಿವೃತ್ತನಾದವನು, ನನಗೆ ಇದು ಅರ್ಥವಾದದ್ದು ಕಚೇರಿಯ ಲೆಕ್ಕದಲ್ಲೇ. ಒಂದು ಆದೇಶ ಮೇಲಿನಿಂದ ಬಂದರೆ ಗುಮಾಸ್ತ ಮೊದಲು ನೋಡುವುದು ಸಹಿ ಮತ್ತು ಮೊಹರು. ಅವು ಸರಿ ಇದ್ದರೆ ಮಾತ್ರ ಮುಂದಿನ ಮೇಜಿಗೆ ಕಳಿಸುತ್ತಾನೆ, ಅಲ್ಲಿಯವರೂ ತಮ್ಮ ಪಾಲಿನದನ್ನು ನೋಡುತ್ತಾರೆ. ಫೋನಿನಲ್ಲೂ ಹಾಗೆಯೇ. ಚಿಪ್ಪಿನೊಳಗೆ ತಯಾರಕರು ಅಳಿಸಲಾಗದಂತೆ ತಮ್ಮ ಗುರುತು ಇಟ್ಟಿರುತ್ತಾರೆ. ಚಿಪ್ಪು ಬೂಟ್‌ಲೋಡರ್‌ನ ಸಹಿ ನೋಡುತ್ತದೆ, ಬೂಟ್‌ಲೋಡರ್ ಆಂಡ್ರಾಯ್ಡ್‌ನ ತಿರುಳಿನ ಸಹಿ ನೋಡುತ್ತದೆ, ಆ ತಿರುಳು ಉಳಿದ ಭಾಗವನ್ನು ನೋಡಿಕೊಳ್ಳುತ್ತದೆ. ನಡುವೆ ಯಾರಾದರೂ ಒಂದು ಅಕ್ಷರ ತಿದ್ದಿದ್ದರೂ ಸಹಿ ಹೊಂದುವುದಿಲ್ಲ, ಫೋನು ಮುಂದಕ್ಕೆ ಹೋಗುವುದಿಲ್ಲ. ಇದು ಬೀಗ ಹಾಕಿದ ಸ್ಥಿತಿ.

ಬೀಗ ತೆಗೆಯುವುದೆಂದರೆ 'ಇನ್ನು ಮುಂದೆ ಸಹಿ ಹೊಂದದಿದ್ದರೂ ನಡೆಸು' ಎಂದು ಬೂಟ್‌ಲೋಡರ್‌ಗೆ ಹೇಳುವುದು, ಅಷ್ಟೇ. ಅದರಿಂದಲೇ ಫೋನು ಕೆಡುವುದಿಲ್ಲ, ವೈರಸ್ಸೂ ಬರುವುದಿಲ್ಲ. ತಯಾರಕರದ್ದಲ್ಲದ ಬೇರೊಂದು ಆಂಡ್ರಾಯ್ಡ್ ಹಾಕಲು ದಾರಿ ತೆರೆಯುತ್ತದೆ. 'ರೂಟ್' ಮಾಡುವುದು ಇದರ ಮುಂದಿನ ಹೆಜ್ಜೆ, ಎರಡೂ ಒಂದೇ ಅಲ್ಲ: ರೂಟ್ ಎಂದರೆ ಫೋನಿನೊಳಗಿನ ಯಾವ ಕಡತವನ್ನಾದರೂ ಬದಲಿಸುವ ಪೂರ್ಣ ಅಧಿಕಾರ.

ಇಂಥ ಅಧಿಕಾರ ಯಾರಿಗೆ ಬೇಕು ಎಂದು ಕೇಳುವವರು ಹಳೆಯದನ್ನು ಮರೆತಿದ್ದಾರೆ. ನಮ್ಮ ಭಾಷೆಗೇ ಅದು ಬೇಕಾಗಿತ್ತು. ಆಂಡ್ರಾಯ್ಡ್ ಫೋನುಗಳು ನಮ್ಮ ಕಡೆ ಕಾಲಿಟ್ಟ ಮೊದಲ ವರ್ಷಗಳಲ್ಲಿ ಬಹುಪಾಲು ಫೋನುಗಳಲ್ಲಿ ಕನ್ನಡದ ಜಾಲತಾಣ ತೆರೆದರೆ ಕಾಣುತ್ತಿದ್ದುದು ಸಾಲು ಸಾಲು ಖಾಲಿ ಚೌಕ. ಕನ್ನಡದ ಫಾಂಟೇ ಒಳಗಿರಲಿಲ್ಲ. ಆಗ ಒಪೆರಾ ಮಿನಿ ಎಂಬ ಬ್ರೌಸರಿನಲ್ಲಿ ಒಂದು ಒಳದಾರಿ ಇತ್ತು: ಅದರ ಸೆಟ್ಟಿಂಗಿನಲ್ಲಿ ಒಂದು ಆಯ್ಕೆ ಬದಲಿಸಿದರೆ ಕನ್ನಡದ ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು. ಓದಬಹುದಿತ್ತು, ಆದರೆ ಆ ಬ್ರೌಸರಿನೊಳಗೆ ಮಾತ್ರ. ಎಸ್ಸೆಮ್ಮೆಸ್ಸಿನಲ್ಲಿ, ಬೇರೆ ಆಪ್‌ಗಳಲ್ಲಿ ಮತ್ತೆ ಅದೇ ಚೌಕ. ಫೋನಿನ ತುಂಬ ಕನ್ನಡ ಬೇಕೆಂದರೆ ವ್ಯವಸ್ಥೆಯೊಳಗಿನ ಫಾಂಟ್ ಕಡತವನ್ನೇ ಬದಲಿಸಬೇಕಿತ್ತು. ಆ ಜಾಗಕ್ಕೆ ಮಾಲೀಕನಿಗೇ ಪ್ರವೇಶವಿರಲಿಲ್ಲ. ಹೀಗಾಗಿ ಕಂಪ್ಯೂಟರ್ ಬಲ್ಲ ಹುಡುಗರು ಫೋನು ರೂಟ್ ಮಾಡಿ, ಕನ್ನಡ ಇರುವ ಫಾಂಟನ್ನು ಒಳಗೆ ಕೂರಿಸುತ್ತಿದ್ದರು. ಅಷ್ಟಾದರೂ ಪೂರ್ತಿ ಗೆಲುವಲ್ಲ: ಅಕ್ಷರ ಬಂದವು, ಒತ್ತಕ್ಷರ ಕೂಡುತ್ತಿರಲಿಲ್ಲ. ಅಮ್ಮ ಎಂದು ಬರೆದರೆ ಎರಡು ಮಕಾರ ಅಕ್ಕಪಕ್ಕ ಬೇರೆ ಬೇರೆ ನಿಲ್ಲುತ್ತಿದ್ದವು. ಅಕ್ಷರ ಜೋಡಿಸುವ ಯಂತ್ರಭಾಗವೇ ಆ ಆಂಡ್ರಾಯ್ಡ್‌ನಲ್ಲಿ ಕನ್ನಡಕ್ಕೆ ಸಿದ್ಧವಿರಲಿಲ್ಲ. 2012ರಲ್ಲಿ ಬಂದ ಆಂಡ್ರಾಯ್ಡ್ 4.1, ಅಂದರೆ ಜೆಲ್ಲಿ ಬೀನ್, ಕನ್ನಡ, ತೆಲುಗು, ಮಲಯಾಳಂ ಮೂರಕ್ಕೂ ಬೆಂಬಲ ತಂದಿತು.

ಸರಿ, ಹೊಸ ಆವೃತ್ತಿ ಬಂತು. ಆದರೆ ನಮ್ಮ ಜೇಬಿನ ಫೋನಿಗೆ ಬರಬೇಕಲ್ಲ! ಹಳೆಯ ಫೋನಿಗೆ ಹೊಸ ಆವೃತ್ತಿ ಕೊಡುವುದು ತಯಾರಕರ ಮರ್ಜಿ. ಅವರು ಕೈಬಿಟ್ಟ ಫೋನುಗಳಿಗೆ ಸೈನೋಜೆನ್‌ಮಾಡ್ ಎಂಬ ಸ್ವಯಂಸೇವಕರ ಆಂಡ್ರಾಯ್ಡ್ ದಿಕ್ಕಾಯಿತು. ಅದನ್ನು ಹಾಕಲು ಹೆಚ್ಚಿನ ಫೋನುಗಳಲ್ಲಿ ಬೂಟ್‌ಲೋಡರ್ ಬೀಗ ತೆಗೆಯಲೇಬೇಕು. ಹಾಗೆ ತೆಗೆದವರ ಹಳೆಯ ಫೋನಿನಲ್ಲಿ ಕನ್ನಡ ಒತ್ತಕ್ಷರ ಸಹಿತ ಮೂಡಿತು. ಸೈನೋಜೆನ್‌ಮಾಡ್ 2016ರ ಕೊನೆಗೆ ನಿಂತಿತು. ಅದರ ಬಳ್ಳಿ ಇಂದು ಲೀನಿಯೇಜ್ ಓಎಸ್ ಎಂಬ ಹೆಸರಿನಲ್ಲಿ ಹಬ್ಬಿದೆ. ನಮ್ಮ ಬೀರುವಿನಲ್ಲಿರುವ ಆ ಎರಡು ಫೋನುಗಳಲ್ಲಿ ಇರುವುದೂ ಇದೇ.

ಕಂಪನಿಗಳ ನಡವಳಿಕೆ ಒಂದೊಂದರದು ಒಂದೊಂದು ತೆರ. ಗೂಗಲ್ 2010ರಲ್ಲಿ ನೆಕ್ಸಸ್ ಒನ್ ಮಾರಿದಾಗ ಮಾಲೀಕನೇ ಬೀಗ ತೆಗೆಯಲು ಅವಕಾಶ ಕೊಟ್ಟಿತ್ತು. ಎಚ್‌ಟಿಸಿ 2011ರಲ್ಲಿ ಬಳಕೆದಾರರ ಒತ್ತಾಯಕ್ಕೆ ಮಣಿದು ಬೀಗ ತೆಗೆಯುವ ವ್ಯವಸ್ಥೆ ಮಾಡಿತು. ಹುವಾವೇ 2018ರಲ್ಲಿ ಕೋಡ್ ಕೊಡುವುದನ್ನೇ ನಿಲ್ಲಿಸಿತು. ಶಿಯೋಮಿಯದು ಅರ್ಜಿ ಪದ್ಧತಿ: ಖಾತೆ ಜೋಡಿಸಿ, ಕೋರಿಕೆ ಸಲ್ಲಿಸಿ, ಹಲವು ಮಾದರಿಗಳಿಗೆ 168 ಗಂಟೆ, ಅಂದರೆ ಏಳು ದಿನ ಕಾಯಬೇಕು. ಸರ್ಕಾರಿ ಕಚೇರಿಗಳನ್ನು ಬೈಯುವವರು ಇದನ್ನೂ ಗಮನಿಸಲಿ. ಸ್ಯಾಮ್‌ಸಂಗ್‌ನಲ್ಲಿ ಬೇರೆ ಆಂಡ್ರಾಯ್ಡ್ ಹಾಕಿದರೆ ಚಿಪ್ಪಿನೊಳಗಿನ ಒಂದು ಫ್ಯೂಸು ಸುಟ್ಟು ನಾಕ್ಸ್ ಎಂಬ ಭದ್ರತಾ ಸೌಲಭ್ಯ ಶಾಶ್ವತವಾಗಿ ಹೋಗುತ್ತದೆ. ಆಮೇಲೆ ಮೂಲ ತಂತ್ರಾಂಶ ತಂದರೂ ಅದು ಮರಳದು.

ಬೀಗ ತೆಗೆಯುವ ದಾರಿಯೂ ಮುಚ್ಚುಮರೆಯದ್ದಲ್ಲ. ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗೆ ಬಿಲ್ಡ್ ನಂಬರನ್ನು ಏಳು ಸಲ ಒತ್ತಿದರೆ 'ಡೆವಲಪರ್ ಆಪ್ಷನ್ಸ್' ತೆರೆಯುತ್ತದೆ, ಅದರಲ್ಲಿ 'ಓಇಎಂ ಅನ್‌ಲಾಕಿಂಗ್' ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಲು ಪಿನ್ ಬೇಕು, ಆದ್ದರಿಂದ ಬೀದಿಯಲ್ಲಿ ಕಸಿದವನಿಗೆ ಅದು ಸುಲಭವಿಲ್ಲ. ಉಳಿದದ್ದನ್ನು ಕಂಪ್ಯೂಟರಿಗೆ ತಂತಿ ಹಾಕಿ ಮಾಡಬೇಕು. ಈ ಬರಹ ಓದಿ ಇವತ್ತೇ ಒತ್ತಿ ನೋಡಬೇಡಿ. ಬೀಗ ತೆಗೆದ ಕ್ಷಣ ಫೋನಿನೊಳಗಿನ ಫೋಟೋ, ಸಂದೇಶ, ಲೆಕ್ಕ ಎಲ್ಲವೂ ಅಳಿಸಿಹೋಗುತ್ತವೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಇಲ್ಲದಿದ್ದರೆ ಕಳ್ಳ ಬೀಗ ತೆಗೆದು, ತನ್ನದೊಂದು ಆಂಡ್ರಾಯ್ಡ್ ಹಾಕಿ, ನಿಮ್ಮ ಪಿನ್ ಇಲ್ಲದೆಯೇ ಎಲ್ಲ ಓದಿಬಿಡುತ್ತಿದ್ದ.

ಇಲ್ಲಿ ಒಂದು ಸೂಕ್ಷ್ಮವಿದೆ. ಅಳಿಸುವುದು ಬೀಗ ತೆಗೆಯುವಾಗ ಒಮ್ಮೆ ಮಾತ್ರ. ಬೀಗ ಈಗಾಗಲೇ ತೆಗೆದಿರುವ ಫೋನನ್ನು ನೀವು ನಿತ್ಯ ಬಳಸುತ್ತಿದ್ದೀರಿ, ಪರದೆ ಒಡೆಯಿತೆಂದು ಎಲ್ಲೋ ರಿಪೇರಿಗೆ ಕೊಟ್ಟು ಕಾಫಿಗೆ ಹೋದಿರಿ ಎನ್ನಿ. ಕೆಟ್ಟ ಮನಸ್ಸಿನವನು ಆ ಒಂದು ಗಂಟೆಯಲ್ಲಿ ವ್ಯವಸ್ಥೆಯೊಳಗೆ ತನ್ನದೊಂದು ತುಣುಕು ಸೇರಿಸಬಹುದು. ಏನೂ ಅಳಿಸುವುದಿಲ್ಲ, ಹೊಸ ಎಚ್ಚರಿಕೆಯೂ ಬರುವುದಿಲ್ಲ, ಏಕೆಂದರೆ ಎಚ್ಚರಿಕೆ ಮೊದಲಿನಿಂದಲೂ ಬರುತ್ತಲೇ ಇತ್ತು! ಆಮೇಲೆ ನೀವೇ ಪಿನ್ ಹಾಕಿ ತೆರೆದಾಗ ಅವನ ತುಣುಕು ನಿಮ್ಮ ಜೊತೆಗೇ ಒಳಗೆ ಕೂತಿರುತ್ತದೆ. ಬೀಗವಿಲ್ಲದ ಫೋನಿನ ನಿಜವಾದ ಅಪಾಯ ಇದೇ.

ಬ್ಯಾಂಕಿನ ಆಪ್ ಹಿಂಜರಿಯುವುದು ಈ ಕಾರಣಕ್ಕೆ. ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಂಬ ವ್ಯವಸ್ಥೆಯ ಮೂಲಕ ಆಪ್ ಫೋನನ್ನೇ ಕೇಳುತ್ತದೆ: ನಿನ್ನ ಬೂಟ್‌ಲೋಡರ್ ಬೀಗ ಹಾಕಿದೆಯೇ? ಈಚಿನ ಫೋನುಗಳಲ್ಲಿ ಇದಕ್ಕೆ ಉತ್ತರ ಕೊಡುವುದು ಚಿಪ್ಪು, ಅದೂ ಸಹಿ ಹಾಕಿ. ಆಂಡ್ರಾಯ್ಡ್ ನಡುವೆ ಬಂದು ಸುಳ್ಳು ಹೇಳುವುದು ಕಷ್ಟ. ಉತ್ತರ ತೃಪ್ತಿಯಾಗದಿದ್ದರೆ ಬ್ಯಾಂಕ್, ಯುಪಿಐ ಆಪ್‌ಗಳಲ್ಲಿ ಹಲವು ತೆರೆಯುವುದಿಲ್ಲ. ನವೆಂಬರಿನಲ್ಲಿ ಮುಖ ತೋರಿಸಿ ಜೀವನ ಪ್ರಮಾಣ ಕೊಡುವ ಪಿಂಚಣಿದಾರರಿಗೂ ಇಂಥ ಫೋನಿನಲ್ಲಿ ಅಡ್ಡಿಯಾಗಬಹುದು. 'ಆಪ್ ನಡೆಯೋ ಹಾಗೆ ಮಾಡಿಕೊಡ್ತೀನಿ' ಎನ್ನುವವರು ಮಾಡುವುದು ಬೀಗವಿಲ್ಲದ್ದನ್ನು ಮರೆಮಾಚುವ ಕೆಲಸ. ಇವತ್ತು ನಡೆದದ್ದು ನಾಳೆ ನಿಲ್ಲಬಹುದು. ನಿಮ್ಮ ಪಿಂಚಣಿಯ ಖಾತೆಯನ್ನು ಅಂಥ ಹೊದಿಕೆಯಡಿ ಇಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬೆಂಗಳೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಫೋನು ತರುವವರು ನಮ್ಮಲ್ಲಿ ಬಹಳ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಫೋನನ್ನು ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡಿಸಿ, ಕಣ್ಣು ತೆಗೆಯದೆ ನೋಡಿ. ಕಿತ್ತಳೆ ಬಣ್ಣದ ಎಚ್ಚರಿಕೆಯೋ, ತೆರೆದ ಬೀಗದ ಚಿತ್ರವೋ ಕಂಡರೆ ಬೀಗ ತೆಗೆದಿದೆ ಎಂದರ್ಥ. ಹಳದಿ ಬಣ್ಣ ಬಂದರೆ ಬೀಗ ಹಾಕಿದೆ, ಆದರೆ ಸಹಿ ತಯಾರಕರದ್ದಲ್ಲ. ಕೆಂಪು ಬಂದರೆ ಒಳಗೆ ಏನೋ ಕೆಟ್ಟಿದೆ, ಅಂಥದ್ದನ್ನು ಮುಟ್ಟಬೇಡಿ. ಆಮೇಲೆ ಪ್ಲೇ ಸ್ಟೋರ್ ತೆರೆದು, ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್' ಎಂಬಲ್ಲಿ ಹೋದರೆ ಫೋನು ಪ್ರಮಾಣೀಕೃತವೇ ಅಲ್ಲವೇ ಎಂದು ತೋರಿಸುತ್ತದೆ. ಕದ್ದ ಮಾಲೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಪರೀಕ್ಷೆಯೂ ಬೇರೆ: *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಇಂಗ್ಲಿಷಿನಲ್ಲಿ ಕೆ, ವೈ, ಎಂ ಎಂಬ ಮೂರು ಅಕ್ಷರ ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ದೂರಸಂಪರ್ಕ ಇಲಾಖೆಯ ದಾಖಲೆಯಲ್ಲಿ ಆ ಫೋನಿನ ಸ್ಥಿತಿ ಏನೆಂದು ತಿಳಿಯುತ್ತದೆ.

ತಾಳವಾಡಿಯ ಸದಸ್ಯರಿಗೆ: ಬೀಗ ಮತ್ತೆ ಹಾಕಬಹುದು, ಆದರೆ ಕ್ರಮ ತಪ್ಪಬಾರದು. ಮೊದಲು ಆ ಮಾದರಿಗೆಂದೇ ತಯಾರಕರು ಕೊಟ್ಟ ಮೂಲ ತಂತ್ರಾಂಶವನ್ನು ಪೂರ್ತಿ ಹಾಕಿಸಬೇಕು, ಅದು ಸರಿಯಾಗಿ ಏಳುವುದನ್ನು ನೋಡಬೇಕು, ಆಮೇಲೆ ಬೀಗ. ಒಳಗೆ ಬೇರೆ ಆಂಡ್ರಾಯ್ಡ್ ಇರುವಾಗಲೇ ಬೀಗ ಹಾಕಿದರೆ ಸಹಿ ಹೊಂದದೆ ಫೋನು ಏಳುವುದೇ ಇಲ್ಲ, ಇಟ್ಟಿಗೆಯಾಗುತ್ತದೆ. ಬೀಗ ಹಾಕುವಾಗಲೂ ಮಾಹಿತಿ ಅಳಿಸುತ್ತದೆ, ಆದ್ದರಿಂದ ಫೋಟೋಗಳನ್ನು ಮೊದಲೇ ಬೇರೆಡೆ ಇಟ್ಟುಕೊಳ್ಳಿ. ಸಾಧ್ಯವಾದರೆ ಮಾರಿದವರಿಗೇ ಹಿಂದಿರುಗಿಸಿ. ಹೇಳದೆ ಮಾರಿದ್ದು ಅವರು.

ಇನ್ನು ಬೀರುವಿನಲ್ಲಿರುವ ಎರಡು ಫೋನು. ಅವುಗಳ ತಯಾರಕರು ಭದ್ರತೆಯ ಅಪ್‌ಡೇಟ್ ನಿಲ್ಲಿಸಿ ವರ್ಷಗಳಾಗಿವೆ. ಲೀನಿಯೇಜ್‌ನಿಂದ ಇನ್ನೂ ಬರುತ್ತಿದೆ. ಆ ಮಟ್ಟಿಗೆ ಇವು ಪಕ್ಕದಲ್ಲಿರುವ ಬೀಗ ಹಾಕಿದ ಹಳೆಯ ಫೋನುಗಳಿಗಿಂತ ವಾಸಿ. ಪಾಠಪುಸ್ತಕದ ಪಿಡಿಎಫ್ ಓದಲು, ಕನ್ನಡ ವಿಕಿಪೀಡಿಯ ನೋಡಲು, ಕಣಜದ ಬರಹ ಓದಲು, ಆಕಾಶವಾಣಿ ಕೇಳಲು ಧಾರಾಳವಾಗಿ ಸಾಕು. ಮಕ್ಕಳಿಗೆ ಕೊಡಬಹುದು, ಕೊಡೋಣ. ಎರಡು ಮಾತು ಮಾತ್ರ ತಂದೆತಾಯಿಗೆ ತಿಳಿಸಿ ಕೊಡಬೇಕು: ಆನ್ ಆಗುವಾಗ ಬರುವ ಎಚ್ಚರಿಕೆಗೆ ಹೆದರಬೇಡಿ, ಕೆಲವು ಕ್ಷಣದಲ್ಲಿ ತಾನಾಗಿ ಮುಂದಕ್ಕೆ ಹೋಗುತ್ತದೆ. ಮತ್ತು ಮನೆಯ ಬ್ಯಾಂಕ್ ಖಾತೆ, ಯುಪಿಐ, ಆಧಾರ್ ಸಂಬಂಧಿಸಿದ ಯಾವುದನ್ನೂ ಇದರಲ್ಲಿ ತೆರೆಯಬೇಡಿ. ಇವೆರಡನ್ನೂ ಕನ್ನಡದಲ್ಲಿ ಬರೆದ ಚೀಟಿ ಫೋನಿನ ಹಿಂಬದಿಗೆ ಅಂಟಿಸಿದ್ದೇನೆ.

ಹಳೆಯ ಫೋನು ಕೊಡಲು ಇಚ್ಛಿಸುವ ಕೆಲಮಂಗಲ, ಡೆಂಕಣಿಕೋಟೆ, ತಳಿ ಕಡೆಯ ಸದಸ್ಯರು ದಯವಿಟ್ಟು ತಮ್ಮ ಗೂಗಲ್ ಖಾತೆಯನ್ನು ಮೊದಲು ಸೆಟ್ಟಿಂಗ್ಸ್‌ನಿಂದ ತೆಗೆದು, ನಂತರ ರೀಸೆಟ್ ಮಾಡಿ ಕೊಡಿ. ಖಾತೆ ತೆಗೆಯದೆ ಕೊಟ್ಟ ಮೂರು ಫೋನು ಗುಪ್ತಪದ ಕೇಳುತ್ತಾ ಹಾಗೇ ಕೂತಿವೆ. ಕೊಟ್ಟವರು ಮುಂದಿನ ತಿಂಗಳ ಸಭೆಗೆ ಬಂದಾಗ ಐದು ನಿಮಿಷ ಮಾಡಿಕೊಂಡು ಬೀರುವಿನ ಹತ್ತಿರ ಬರಬೇಕಾಗಿ ವಿನಂತಿ.

ಕಾರ್ಯದರ್ಶಿ